ಚೀಟಿಯಲ್ಲಿ ದಿನಾಂಕ ಇತ್ತು, ಗಂಟೆ ಇರಲಿಲ್ಲ

ಅಪ್ಪನನ್ನು ಕರೆದುಕೊಂಡು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕಾದ ಒಂದು ದಿನದ ಬಗ್ಗೆ ಎರಡು ತಿಂಗಳಿಂದ ಬರೆಯಬೇಕು ಅಂದುಕೊಂಡು ಸುಮ್ನೆ ಇದ್ದೆ. ಸಿಟ್ಟಿನಲ್ಲಿ ಬರೆದರೆ ಬರೀ ಬೈಗುಳ ಆಗುತ್ತದೆ. ಈಗ ಸಿಟ್ಟು ಅರ್ಧ ಇಳಿದಿದೆ. ಉಳಿದರ್ಧ ಇಳಿಯುವ ಹಾಗೆ ಕಾಣುತ್ತಿಲ್ಲ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದವರು ಓದಿ.

ಅವತ್ತು ಭಾನುವಾರ. ಬೆಳಿಗ್ಗೆ ಎಂಟೂವರೆಗೆ ಅಪ್ಪ ಅಟ್ಟದ ಏಣಿಯಿಂದ ಜಾರಿ ಬಿದ್ದರು. ಗುಬ್ಬಿ, ತಿಪಟೂರು ಕಡೆಯವರಿಗೆ ಅಟ್ಟ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಕೊಬ್ಬರಿಗೆ ಅಂತ ಕಾಯಿ ತುಂಬಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುವ ಜಾಗ ಅದು. ಅಪ್ಪನಿಗೆ 68. ಕಾಯನ್ನು ಕಿವಿ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಅವತ್ತೂ ಅದಕ್ಕೇ ಹತ್ತಿದ್ದರು. ಶುಗರ್ ಮಾತ್ರೆ ನುಂಗಿದ್ದರು, ತಿಂಡಿ ತಿಂದಿರಲಿಲ್ಲ. "ಇಳಿದು ಬಂದು ತಿಂತೀನಿ ಬಿಡು" ಅಂದಿದ್ದರಂತೆ. ಅಮ್ಮ ಈ ಮಾತನ್ನು ಆಮೇಲೆ ನೂರು ಸಲ ಹೇಳಿದರು.

ಬಲಗೈ ಊರಿಕೊಂಡು ಬಿದ್ದದ್ದು. ಮಣಿಕಟ್ಟು ಸೊಟ್ಟಗಾಗಿ ಊದಿಕೊಂಡಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿಗೆ ಹೊರಟೆವು. ದಾರಿಯುದ್ದಕ್ಕೂ ಅಪ್ಪನದು ಒಂದೇ ಹಟ. "ಪುತ್ತೂರು ಕಟ್ಟು ಹಾಕಿಸ್ಕೊಂಡು ವಾಪಸ್ ಬರೋಣ ಕಣಪ್ಪ. ಆಸ್ಪತ್ರೆಗೆ ಹೋದ್ರೆ ದಿನ ಹೋಯ್ತು ಅಂತಾನೇ." ನಾನು ಕೇಳಲಿಲ್ಲ. ಓದಿದವನು, ಅಲ್ವಾ.

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಸರ್ಕಾರಿಯೋ ಖಾಸಗಿಯೋ ಅಂತಲೂ ಕೇಳಬೇಡಿ. ಎರಡರಲ್ಲೂ ಕೂತು ಕಾದಿದ್ದೇನೆ. ಕುರ್ಚಿ ಬೇರೆ, ಕಾಯುವುದು ಅದೇ.

ಹತ್ತು ನಲವತ್ತಕ್ಕೆ ಚೀಟಿ ಮಾಡಿಸಿದೆ. ಹದಿನೈದು ನಿಮಿಷದಲ್ಲಿ ಹೌಸ್ ಸರ್ಜನ್ ಹುಡುಗ ಒಬ್ಬ ಬಂದು ನೋಡಿದ. ಅಲ್ಲಿಗೆ ಎಲ್ಲ ಸರಿಯಾಗಿಯೇ ಇತ್ತು. ಬೆರಳು ಮುಟ್ಟಿ "ಗೊತ್ತಾಗ್ತಿದ್ಯಾ ಯಜಮಾನ್ರೇ? ಆಡ್ಸಿ ನೋಡೋಣ" ಅಂದ. ನೋವಿಗೆ ಒಂದು ಇಂಜೆಕ್ಷನ್ ಬರೆದ. ಸಿಸ್ಟರ್ ಕೈ ಕೆಳಗೆ ರಟ್ಟು ಕೊಟ್ಟು ಬ್ಯಾಂಡೇಜ್ ಸುತ್ತಿದರು. "ಎಕ್ಸ್‌ರೇ ಮಾಡ್ಸಿ. ಮೂಳೆ ಡಾಕ್ಟರ್ ಬಂದು ನೋಡ್ತಾರೆ. ಆಪರೇಷನ್ ಬೇಕಾಗಬಹುದು, ಹೊಟ್ಟೆಗೆ ಏನೂ ಕೊಡ್ಬೇಡಿ." ಇಷ್ಟು ಹೇಳಿ ಹೋದ. ಶುಗರ್ ಇದೆಯಾ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೈ ಮುರಿದುಕೊಂಡು ಬಂದವರು ಶುಗರ್ ವಿಷಯ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಎಕ್ಸ್‌ರೇ ಮುಗಿದಾಗ ಹನ್ನೊಂದೂವರೆ. ಆಮೇಲೆ ಶುರುವಾಯಿತು ನೋಡಿ.

ಮೂರು ಸೀಟು ಜೋಡಿಸಿದ ಸ್ಟೀಲ್ ಕುರ್ಚಿ. ಒಂದು ಕಾಲಿನ ಬೋಲ್ಟ್ ಕಿತ್ತು ಹೋಗಿತ್ತು. ಪಕ್ಕದವರು ಎದ್ದಾಗ ಒಮ್ಮೆ, ಕೂತಾಗ ಒಮ್ಮೆ ಇಡೀ ಕುರ್ಚಿ ಅಲುಗುತ್ತಿತ್ತು. ಅಪ್ಪ ಪ್ರತಿ ಸಲ "ಸ್ಸ್" ಅಂತ ಉಸಿರೆಳೆದುಕೊಳ್ಳುತ್ತಿದ್ದರು. ನಾನು ಸ್ವಲ್ಪ ಹೊತ್ತು ಆ ಕಾಲನ್ನು ಚಪ್ಪಲಿಯಿಂದ ಒತ್ತಿ ಹಿಡಿದು ಕೂತೆ. ಅಷ್ಟೇ ನನ್ನಿಂದ ಆದದ್ದು.

ನಮಗಿಂತ ಆಮೇಲೆ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು. ಬ್ಯಾಗ್ ಹಿಡಿದುಕೊಂಡು ನಡೆದೇ ಬಂದರು. "ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ ಸಿಸ್ಟರ್, ಬೆವರು ಬರ್ತಿದೆ" ಅಂದರು, ಅಷ್ಟೇ. ತಕ್ಷಣ ಒಳಗೆ ಕರೆದುಕೊಂಡು ಹೋದರು. ಮುರಿದ ಕೈ ಹೊರಗೆ, ಗ್ಯಾಸ್ಟ್ರಿಕ್ ಒಳಗೆ! ನನಗೆ ಮೈ ಉರಿಯಿತು. ಯಾರದೋ ವಶೀಲಿ ಇರಬೇಕು ಅಂದುಕೊಂಡೆ.

ಹನ್ನೆರಡು ದಾಟಿದ ಮೇಲೆ ಶಿರಾ ಕಡೆಯಿಂದ 108 ಬಂತು. ಹೈವೇ ಆಕ್ಸಿಡೆಂಟ್, ಇಬ್ಬರು. ಆಗ ಯಾರೂ ತುಟಿ ಬಿಚ್ಚಲಿಲ್ಲ. ರಕ್ತ ಕಂಡರೆ ಕ್ಯೂ ತಾನಾಗಿ ದಾರಿ ಬಿಡುತ್ತದೆ.

ಆದರೆ ಹಾವು ಕಚ್ಚಿದ ಹುಡುಗನ ಕಥೆ ಬೇರೆ. ಕೊರಟಗೆರೆ ಕಡೆಯವರು. ಹದಿನಾರೋ ಹದಿನೇಳೋ ವಯಸ್ಸು, ಹೊಲಕ್ಕೆ ನೀರು ಕಟ್ಟಲು ಹೋದಾಗ ಪಾದಕ್ಕೆ ಕಚ್ಚಿದೆ. ಸಿಸ್ಟರ್ ರಕ್ತ ತೆಗೆದು ಒಂದು ಸಣ್ಣ ಗಾಜಿನ ಕೊಳವೆಗೆ ಹಾಕಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಗಡಿಯಾರ ನೋಡಿ ಆಚೆ ಹೋದರು. ಐದು ನಿಮಿಷ ಆಯಿತು. ಹತ್ತಾಯಿತು. ಹುಡುಗನ ಚಿಕ್ಕಪ್ಪ ಕೂಗಲು ಶುರು ಮಾಡಿದರು. "ಹಾವು ಕಚ್ಚೈತೆ ಕಣ್ರೀ, ಇವ್ರು ಬುಡ್ಡಿ ನೋಡ್ಕಂಡು ಕುಂತವ್ರೆ! ಔಷ್ದಿ ಹಾಕ್ರಿ ಮೊದ್ಲು!" ಸೆಕ್ಯೂರಿಟಿಯವರು ಓಡಿ ಬಂದರು. ತಳ್ಳಾಟ ಆಗುವುದೊಂದು ಬಾಕಿ. ಬಾಗಿಲ ಹತ್ತಿರ ನಿಂತಿದ್ದ ನಾವೆಲ್ಲ ಚಿಕ್ಕಪ್ಪನ ಕಡೆಗೇ ಇದ್ದೆವು. ಒಬ್ಬರಂತೂ ವಿಡಿಯೋ ಮಾಡಲು ಫೋನ್ ತೆಗೆದಿದ್ದರು.

ನನ್ನ ಸೋದರತ್ತೆಯ ಮಗಳು ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್. ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು ನಕ್ಕಳು. ಆ ಬುಡ್ಡಿಯೇ ಟೆಸ್ಟಂತೆ. ರಕ್ತವನ್ನು 20 ನಿಮಿಷ ಅಲ್ಲಾಡಿಸದೆ ಬಿಡಬೇಕು. ಆಮೇಲೆ ಕೊಳವೆ ಓರೆ ಮಾಡಿ ನೋಡುತ್ತಾರೆ. ಗಟ್ಟಿಯಾಗದೆ ನೀರಿನ ಹಾಗೇ ಹರಿದರೆ, ಮಂಡಲದ ಹಾವಿನ ವಿಷ ರಕ್ತಕ್ಕೆ ಇಳಿದಿದೆ ಅಂತ ಲೆಕ್ಕ. ಕಚ್ಚಿದ ಹಾವೆಲ್ಲ ವಿಷ ಬಿಟ್ಟಿರುವುದಿಲ್ಲ. ವಿಷಕ್ಕೆ ಕೊಡುವ ಔಷಧಿ ಕುದುರೆಯ ರಕ್ತದಿಂದ ತಯಾರಾಗುವುದು. ಕೆಲವರಿಗೆ ಅದೇ ಅಲರ್ಜಿಯಾಗಿ ಜೀವಕ್ಕೆ ಬರುತ್ತದೆ. ಹಾಗಾಗಿ ಕಚ್ಚಿತು ಅಂದ ತಕ್ಷಣ ಹಾಕುವ ಹಾಗಿಲ್ಲ. "ಆ 20 ನಿಮಿಷ ನಾವು ಸುಮ್ನೆ ಇರಲ್ಲ ಕಣೋ, ಕಣ್ರೆಪ್ಪೆ ಜೋತು ಬೀಳ್ತಿದ್ಯಾ, ಉಸಿರಾಟ ಹೇಗಿದೆ ಅಂತ ನೋಡ್ತಾನೇ ಇರ್ತೀವಿ" ಅಂದಳು.

ಸರಿ. ಆದರೆ "ಇದು ಟೆಸ್ಟು, 20 ನಿಮಿಷ ಬೇಕು" ಅಂತ ಆ ಚಿಕ್ಕಪ್ಪನಿಗೆ ಹೇಳಲು ಎಷ್ಟು ಹೊತ್ತು ಬೇಕಿತ್ತು? ಗದ್ದಲ ಬಿಡಿಸಲು ಅದಕ್ಕಿಂತ ಜಾಸ್ತಿ ಹೊತ್ತು ಹೋಯಿತು. ಗೋಡೆಯ ಮೇಲೆ ಒಂದು ದೊಡ್ಡ ಬೋರ್ಡ್ ಇತ್ತು. ಡಾಕ್ಟರ್, ಸಿಬ್ಬಂದಿ ಮೇಲೆ ಕೈ ಮಾಡಿದರೆ 2009ರ ಕಾಯ್ದೆ ಪ್ರಕಾರ ಜೈಲು, ದಂಡ ಅಂತ. ಇರಲಿ, ಇರಬೇಕು. ಹಗಲು ರಾತ್ರಿ ನಿಂತು ಕೆಲಸ ಮಾಡುವ ಆ ಹುಡುಗ ಹುಡುಗಿಯರಿಗೆ ಹೊಡೆಯುವವರ ಪರವಾಗಿ ನನ್ನದು ಒಂದು ಮಾತೂ ಇಲ್ಲ. ಆದರೆ ಯಾರನ್ನು ಮೊದಲು ಕರೆಯುತ್ತಾರೆ, ಯಾಕೆ ಕರೆಯುತ್ತಾರೆ ಅಂತ ಹೇಳುವ ಬೋರ್ಡ್ ಇಡೀ ಕಟ್ಟಡದಲ್ಲಿ ಇರಲಿಲ್ಲ. ಹೆದರಿಸಲು ಬೋರ್ಡ್ ಇದೆ, ತಿಳಿಸಲು ಇಲ್ಲ.

ಯಾರನ್ನು ಮೊದಲು ನೋಡಬೇಕು ಅನ್ನುವುದಕ್ಕೆ ಅವರಲ್ಲಿ ಟ್ರಯಾಜ್ ಅನ್ನುತ್ತಾರೆ. ಫ್ರೆಂಚ್ ಪದವಂತೆ, ಆರಿಸುವುದು ಅಂತ ಅರ್ಥ. ಮೊದಮೊದಲು ಉಣ್ಣೆ, ಕಾಫಿ ಬೀಜ ಆರಿಸುವುದಕ್ಕೆ ಬಳಸುತ್ತಿದ್ದ ಮಾತು. ನೆಪೋಲಿಯನ್ ಸೈನ್ಯದಲ್ಲಿದ್ದ ಲಾರೆ ಅನ್ನುವ ಡಾಕ್ಟರ್, ಬಿದ್ದವನು ದೊಡ್ಡ ಅಧಿಕಾರಿಯೋ ಸಿಪಾಯಿಯೋ ನೋಡದೆ ಗಾಯ ಎಷ್ಟಿದೆ ನೋಡಿ ಅಂದ. ಅಲ್ಲಿಂದ ಬಂದದ್ದು ಇವತ್ತಿನ ಕೆಂಪು, ಹಳದಿ, ಹಸಿರು. ಕೆಂಪು ಅಂದರೆ ತಕ್ಷಣ ನೋಡಬೇಕಾದವರು, ಹಸಿರು ಅಂದರೆ ಕಾಯಬಹುದಾದವರು, ಹಳದಿ ನಡುವಿನವರು. ನಡೆದುಕೊಂಡು ಬಂದರೂ ಕೆಂಪು ಇರಬಹುದು. ಎದೆಯ ತೊಂದರೆ ಅನ್ನುವ ಅನುಮಾನ ಬಂದರೆ ಆಸ್ಪತ್ರೆಗೆ ಕಾಲಿಟ್ಟ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಡಾಕ್ಟರುಗಳು ಇಟ್ಟುಕೊಂಡ ಲೆಕ್ಕ. ಆ ಹೆಂಗಸಿನ ಗ್ಯಾಸ್ಟ್ರಿಕ್ ಹಾರ್ಟ್ ಅಟ್ಯಾಕ್ ಆಗಿತ್ತು. ಅವರ ಮಗ ಸ್ವಲ್ಪ ಹೊತ್ತಾದ ಮೇಲೆ ಬಂದು ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತ. ಕೈಯಲ್ಲಿ ಅಮ್ಮನ ಬ್ಯಾಗ್. ನಾನು ಬೇರೆ ಕಡೆ ನೋಡಿದೆ.

ವಶೀಲಿ ಇರಲೇ ಇಲ್ಲ ಅಂತಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡ ಒಬ್ಬರು ಬಂದು ಫೋನನ್ನು ಸಿಸ್ಟರ್ ಕಿವಿಗೆ ಕೊಟ್ಟು ಮಾತಾಡಿಸಿ ನೆಟ್ಟಗೆ ಒಳಗೆ ಹೋದದ್ದನ್ನು ಕಣ್ಣಾರೆ ನೋಡಿದೆ. ನಾನೇನು ಸಾಚಾ ಅಲ್ಲ. ಒಂದು ಗಂಟೆ ಹೊತ್ತಿಗೆ ನಾನೂ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದ್ದೆ. ಭಾನುವಾರ ಆದ್ದರಿಂದ ಯಾರೂ ಎತ್ತಲಿಲ್ಲ.

ಎರಡು ಗಂಟೆ ಹೊತ್ತಿಗೆ ಅಪ್ಪ ಮಾತು ಕಮ್ಮಿ ಮಾಡಿದರು. ನಿದ್ದೆ ಅಂದುಕೊಂಡೆ. ಹಣೆಯಲ್ಲಿ ಬೆವರು ನಿಂತಿತ್ತು. ಸೆಕೆ ಅಂದುಕೊಂಡೆ. ಎಡಗೈ ಸಣ್ಣಗೆ ನಡುಗುತ್ತಿತ್ತು. ನೋವು ಅಂದುಕೊಂಡೆ. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ಲೋಡು ಬಂತೇನೋ? ಚೀಲ ಎಣಿಸ್ಕೊಂಡ್ಯಾ?" ಅಂದರು. "ಯಾವ ಲೋಡಪ್ಪಾ?" ಅಂದೆ. "ಎಣಿಸ್ಕೊಂಡ್ಯಾ?" ಅಂತ ಮತ್ತೆ ಅದನ್ನೇ ಕೇಳಿದರು.

ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದ ಸಿಸ್ಟರ್ ಒಬ್ಬರು ನಿಂತರು. ಬೆಳಿಗ್ಗೆ ನಮಗೆ ಕಟ್ಟು ಹಾಕಿದವರಲ್ಲ, ಬೇರೆ ವಾರ್ಡಿನವರು. ನಿಲ್ಲಬೇಕು ಅಂತ ಅವರಿಗೇನೂ ಇರಲಿಲ್ಲ. "ಶುಗರ್ ಇದ್ಯಾ ಇವ್ರಿಗೆ? ಬೆಳಿಗ್ಗೆ ಮಾತ್ರೆ ತಗೊಂಡ್ರಾ? ಏನ್ ತಿಂದಿದ್ದಾರೆ?" ನಾನು ಬಾಯಿ ಬಿಡುವಷ್ಟರಲ್ಲಿ ಬೆರಳು ಚುಚ್ಚಿ ಆಗಿತ್ತು. ಮಿಷನ್‌ನಲ್ಲಿ ಶುಗರ್ 46 ಬಂತು. ಬೆಳಗಿನ ಮಾತ್ರೆ ಶುಗರ್ ಇಳಿಸುತ್ತಲೇ ಇತ್ತು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. 70ಕ್ಕಿಂತ ಕೆಳಗಿಳಿದರೇ ಅಪಾಯದ ಗಂಟೆ. ಆಮೇಲೆ ಎಲ್ಲ ಓಡಾಟವೇ. ಸ್ಟ್ರೆಚರ್ ಬಂತು. ಅದೇ ಹೌಸ್ ಸರ್ಜನ್ ಹುಡುಗ ಬಂದ, ಮುಖ ಬಿಳಿಚಿಕೊಂಡಿತ್ತು. ಎಡಗೈಗೆ ಸೂಜಿ ಹಾಕಿ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ ನೀರು, ಬಿಟ್ಟರು. ಹತ್ತು ನಿಮಿಷದಲ್ಲಿ ಅಪ್ಪ ಸುತ್ತ ನೋಡಿ, "ಯಾಕೆ ಎಲ್ಲಾ ಹಿಂಗ್ ನಿಂತಿದ್ದೀರಾ?" ಅಂದರು.

ನನ್ನ ಉಳಿದರ್ಧ ಸಿಟ್ಟು ಇರುವುದು ಇಲ್ಲಿ. ಬೆಳಿಗ್ಗೆ ಹತ್ತು ಐವತ್ತೈದಕ್ಕೆ ಅಪ್ಪ ಹಸಿರು. ಒಪ್ಪುತ್ತೇನೆ. ಹೃದಯದವರು, ಹಾವಿನವರು, ಹೈವೇಯವರು ಮೊದಲು ಹೋಗಲಿ. ಆದರೆ ಮಧ್ಯಾಹ್ನ ಎರಡಕ್ಕೆ ಅದೇ ಕುರ್ಚಿಯಲ್ಲಿ ಅಪ್ಪ ಕೆಂಪಾಗಿದ್ದರು. ಮೂರು ಗಂಟೆ ಯಾರೂ ಅವರ ಕಡೆ ತಿರುಗಿ ನೋಡಿರಲಿಲ್ಲ. ಮುರಿದ ಕೈ ಹಾಗೇ ಇತ್ತು, ಅವರನ್ನು ಆ ಸ್ಥಿತಿಗೆ ತಂದದ್ದು ಕಾಯಿಸಿದ್ದು. ಕಾಯುತ್ತಿರುವವರನ್ನು ಆಗಾಗ ಮತ್ತೆ ನೋಡಬೇಕು ಅನ್ನುವುದು ಟ್ರಯಾಜ್‌ನ ಪಾಠದಲ್ಲೇ ಇದೆಯಂತೆ. ಅಪ್ಪನಿಗೆ ಇದನ್ನು ಹೇಳಿದೆ. "ಅದ್ರಲ್ಲೇನೈತೆ, ಅಟ್ಟಕ್ಕೆ ಹಾಕಿದ ಕಾಯಿ ಮಧ್ಯೆ ಮಧ್ಯೆ ನೋಡ್ದಿದ್ರೆ ಕೊಳೆಯೋದು ಗೊತ್ತಾಯ್ತದಾ?" ಅಂದರು.

ಡಾಕ್ಟರ್ ಕಮ್ಮಿ, ಸಿಸ್ಟರ್ ಕಮ್ಮಿ ಅಂತ ನನಗೂ ಗೊತ್ತು. ಎಮರ್ಜೆನ್ಸಿ ಅನ್ನುವುದನ್ನೇ ಒಂದು ಬೇರೆ ಸ್ಪೆಷಾಲಿಟಿ ಅಂತ ನಮ್ಮ ದೇಶದ ಮೆಡಿಕಲ್ ಕೌನ್ಸಿಲ್ ಒಪ್ಪಿದ್ದು 2009ರಲ್ಲಿ. ಅಲ್ಲಿಯವರೆಗೆ ಕ್ಯಾಶುವಾಲ್ಟಿ ಅಂದರೆ ಸಿಕ್ಕವರನ್ನು ಡ್ಯೂಟಿಗೆ ಹಾಕುವ ಜಾಗ. ವಾರ್ಡಿನಲ್ಲಿ ಮಂಚ ಖಾಲಿ ಇಲ್ಲದಿದ್ದರೆ ನೋಡಿ ಮುಗಿದವರೂ ಕ್ಯಾಶುವಾಲ್ಟಿಯಲ್ಲೇ ಮಲಗಿರುತ್ತಾರೆ, ಹೊಸಬರು ಹೊರಗೆ ಉಳಿಯುತ್ತಾರೆ. ಅಷ್ಟು ಹಣ, ಅಷ್ಟು ಜನ ಇರುವ ಇಂಗ್ಲೆಂಡಿನಲ್ಲೇ ನಾಲ್ಕು ಗಂಟೆಯೊಳಗೆ ಮುಗಿಸಬೇಕು ಅಂತ ಇಟ್ಟ ಗುರಿಯನ್ನು 2015ರಿಂದ ಈಚೆಗೆ ಮುಟ್ಟಲು ಆಗಿಲ್ಲ. ಆದರೆ ಅವರು ಎಣಿಸುತ್ತಾರೆ. ಎಷ್ಟು ಹೊತ್ತು ಕಾಯಿಸಿದೆವು ಅಂತ ಬರೆದಿಟ್ಟು ಜನರ ಮುಂದೆ ಇಡುತ್ತಾರೆ.

ನಮ್ಮ ಚೀಟಿಯನ್ನು ಮನೆಗೆ ಬಂದು ಮತ್ತೆ ನೋಡಿದೆ. ಹೆಸರು, ವಯಸ್ಸು, ದಿನಾಂಕ ಇತ್ತು. ಗಂಟೆ ಇರಲಿಲ್ಲ. ನಾನು ಹತ್ತು ನಲವತ್ತಕ್ಕೆ ಹೋದೆ ಅನ್ನುವುದಕ್ಕೆ ನನ್ನ ಮಾತು ಬಿಟ್ಟರೆ ಬೇರೆ ಏನೂ ಇಲ್ಲ. ಎಪಿಎಂಸಿಗೆ ಹೋದ ಕೊಬ್ಬರಿ ಚೀಲಕ್ಕೂ ಲಾಟ್ ನಂಬರ್ ಇರುತ್ತದೆ ಸ್ವಾಮಿ.

1989ರಲ್ಲೇ ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಕೇಸಿನಲ್ಲಿ ಹೇಳಿದೆ, ಜೀವ ಉಳಿಸುವುದು ಮೊದಲು, ಪೊಲೀಸು ಕಾಗದ ಆಮೇಲೆ, ಸರ್ಕಾರಿಯಾಗಲಿ ಖಾಸಗಿಯಾಗಲಿ ಅಂತ. ಬಾಗಿಲಲ್ಲೇ ವಾಪಸ್ ಕಳಿಸುವುದು ತಪ್ಪು ಅಂತ ಎಲ್ಲರಿಗೂ ಗೊತ್ತಾಗಿದೆ. ಒಳಗೆ ಕೂರಿಸಿ ಮರೆತುಬಿಡುವುದಕ್ಕೆ ಏನು ಹೆಸರು?

ನಾನು ಕೇಳುವುದು ಹೊಸ ಕಟ್ಟಡ ಅಲ್ಲ. ಚೀಟಿಯ ಮೇಲೆ ಗಂಟೆ ಬರೆಯಿರಿ. ಚೀಟಿ ಬರೆಯುವವರೇ ಶುಗರ್, ಬಿಪಿ ಇದೆಯಾ ಅಂತ ಕೇಳಲಿ. ಗಂಟೆಗೊಮ್ಮೆ ಯಾರಾದರೂ ಒಬ್ಬರು ಕುರ್ಚಿಗಳ ಸಾಲಿನಲ್ಲಿ ನಡೆದು ಹೋಗಲಿ, ಡಾಕ್ಟರೇ ಆಗಬೇಕಿಲ್ಲ. ಮೂಳೆ ಡಾಕ್ಟರ್ ಆಪರೇಷನ್ ಥಿಯೇಟರಿನಲ್ಲಿದ್ದಾರೆ, ನಾಲ್ಕು ಗಂಟೆಗೆ ಬರುತ್ತಾರೆ ಅಂತ ಹೇಳಿ. ಬೈದುಕೊಂಡಾದರೂ ಕೂರುತ್ತೇವೆ.

ಅವರು ನಾಲ್ಕೂಕಾಲಿಗೆ ಬಂದರು. ಒಳ್ಳೆಯ ಮನುಷ್ಯ. ಬೆಳಗಿನಿಂದ ಎರಡು ಆಪರೇಷನ್ ಮುಗಿಸಿ ಬಂದಿದ್ದರು, ಅವರೂ ಊಟ ಮಾಡಿರಲಿಲ್ಲ ಅಂತ ಕಾಣುತ್ತದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಒಂದು ನಿಮಿಷ ನೋಡಿದರು. "ಆಪರೇಷನ್ ಏನೂ ಬೇಡ. ಎಳೆದು ಕೂರಿಸಿ ಪಟ್ಟಿ ಹಾಕೋಣ" ಅಂದರು. ಇಡೀ ದಿನದ ಉಪವಾಸ ಅಲ್ಲಿಗೆ ಮುಗಿಯಿತು.

ಮೊನ್ನೆ ಪಟ್ಟಿ ಬಿಚ್ಚಿಸಲು ಹೋಗಿದ್ದೆವು. ಅದೇ ಆಸ್ಪತ್ರೆ, ಅಲುಗುವ ಅದೇ ಕುರ್ಚಿ. ಅಪ್ಪ ಜುಬ್ಬದ ಜೇಬಿನಲ್ಲಿ ಮಾರಿ ಬಿಸ್ಕತ್ ಪ್ಯಾಕೆಟ್ ಇಟ್ಟುಕೊಂಡು ಬಂದಿದ್ದರು. ಪಕ್ಕದಲ್ಲಿ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡ ಅವರ ವಯಸ್ಸಿನವರೇ ಒಬ್ಬರು ಕೂತಿದ್ದರು. ನಾನು ಚೀಟಿ ಮಾಡಿಸಿಕೊಂಡು ಬರುವಷ್ಟರಲ್ಲಿ ಅಪ್ಪ ಅವರ ಕಡೆ ಬಾಗಿ ಕೇಳುತ್ತಿದ್ದರು. "ಶುಗರ್ ಐತಾ ನಿಮ್ಗೆ? ಬೆಳಿಗ್ಗೆಯಿಂದ ಏನಾರ ತಿಂದ್ರಾ?"