ಎರಡೂವರೆ ಗಂಟೆಗೆ ಹದಿನೈದು ದಿನದ ವ್ರತ

ಹಡಗಿನ ಟಿಕೆಟ್ ಜೊತೆಗೆ ಟೂರಿನವರು ಒಂದು ಪಿಡಿಎಫ್ ಕಳಿಸಿದ್ದರು: ಹೋಗುವ ದೇಶದ ಸಮಯಕ್ಕೆ ದೇಹವನ್ನು ಒಗ್ಗಿಸುವುದು ಹೇಗೆ. ನಿಮಗೂ ಬಂದಿರುತ್ತದೆ ಬಿಡಿ, ಈಗ ಊರಿಗೆಲ್ಲ ಕ್ರೂಸ್ ಹುಚ್ಚು. ಹೊರಡುವ ಹದಿನೈದು ದಿನ ಮೊದಲಿನಿಂದ ದಿನಕ್ಕೆ ಹತ್ತು ನಿಮಿಷ ಬೇಗ ಮಲಗುತ್ತಾ ಬರಬೇಕಂತೆ. ಸಂಜೆ ಕಾಫಿ ಬಿಡಬೇಕಂತೆ. ಬೆಳಗಿನ ಬಿಸಿಲಿಗೆ ಮುಖ ಒಡ್ಡಬೇಕಂತೆ. ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ ಹೋಟೆಲಿನಲ್ಲಿದ್ದು ದೇಹ ಒಗ್ಗಿಸಿಕೊಳ್ಳಬೇಕಂತೆ. ಹೋಟೆಲ್ ಬುಕ್ ಮಾಡಿಕೊಡುವವರೂ ಅವರೇ.

ಹೊರಟಿದ್ದು ಸಿಂಗಾಪುರಕ್ಕೆ. ವ್ಯತ್ಯಾಸ ಬರೀ ಎರಡೂವರೆ ಗಂಟೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ತಪ್ಪಿದರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಕಾಯುತ್ತೇವೆ. ಅದಕ್ಕೆ ಯಾರೂ ಪಿಡಿಎಫ್ ಕೊಡುವುದಿಲ್ಲ.

ಆದರೂ ಎಂಥ ಕಾಳಜಿ ನೋಡಿ! ನಮ್ಮ ನಿದ್ದೆಗಾಗಿ ಇಷ್ಟು ಮರುಗಿದ ಅದೇ ಜನ ನಮಗೆ ರಾತ್ರಿ ಹನ್ನೊಂದರ ವಿಮಾನ ಬುಕ್ ಮಾಡಿದ್ದರು. ಇಳಿದಾಗ ಅಲ್ಲಿ ಬೆಳಗ್ಗೆ ಆರು. ನಮ್ಮ ಹೊಟ್ಟೆ, ಕಣ್ಣು, ಮಂಡಿಗೆಲ್ಲ ಇನ್ನೂ ಮೂರೂವರೆ. ಹಡಗು ಹತ್ತಿಸುವುದು ಮಧ್ಯಾಹ್ನ. ಅಲ್ಲಿಯವರೆಗೆ ಚಾಂಗಿ ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಕೂತು ದೇಹ ಒಗ್ಗಿಸಿಕೊಂಡೆವು.

ಇಷ್ಟಕ್ಕೂ ಸಿಂಗಾಪುರದ ಗಡಿಯಾರಕ್ಕೆ ನಾವು ಒಗ್ಗಬೇಕು ಅನ್ನುತ್ತಾರಲ್ಲ, ಆ ಗಡಿಯಾರವೇ ತನ್ನ ಊರಿಗೆ ಒಗ್ಗಿಲ್ಲ. ಅಲ್ಲಿ ಸೂರ್ಯ ಏಳುವುದೇ ಏಳಕ್ಕೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಬಂದು ಟೋಕಿಯೊ ಸಮಯ ಹೇರಿದರು. ಅವರು ಹೋದ ಮೇಲೆ ನಮಗಿಂತ ಎರಡು ಗಂಟೆ ಮುಂದೆ ಆಯಿತು. 1981ರ ಕೊನೆಗೆ ಮಲೇಷ್ಯಾದ ಆಗಿನ ಪ್ರಧಾನಿ ಮಹತೀರ್ ತಮ್ಮ ದೇಶದ ಎರಡು ತುಂಡಿಗೂ ಒಂದೇ ಸಮಯ ಇರಲಿ ಅಂದರು. ಪಕ್ಕದ ಮನೆಯ ವ್ಯಾಪಾರ ಬಿಡಲಾಗುತ್ತದೆಯೇ, ಸಿಂಗಾಪುರವೂ ಹಿಂದೆಯೇ ಹೋಯಿತು. ಡಿಸೆಂಬರ್ 31ರ ರಾತ್ರಿ ಹನ್ನೊಂದೂವರೆಗೇ ಹನ್ನೆರಡು ಹೊಡೆಸಿ 1982 ಬಂತು ಅಂದುಬಿಟ್ಟರು. ಆದೇಶದ ಪ್ರತಿ ಸೂರ್ಯನಿಗೆ ಹೋಗಿರಲಿಕ್ಕಿಲ್ಲ. ನಾವೇನು ಕಡಿಮೆ? ನಮ್ಮ ಗಡಿಯಾರ ನಡೆಯುವುದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಒಂದು ಗೆರೆಯ ಮೇಲೆ. ಬೆಂಗಳೂರಿನ ನೆತ್ತಿಗೆ ಸೂರ್ಯ ಬರುವ ಹೊತ್ತಿಗೆ ಹನ್ನೆರಡು ದಾಟಿ ಸರಾಸರಿ ಇಪ್ಪತ್ತು ನಿಮಿಷ ಆಗಿರುತ್ತದೆ.

ಹಡಗು ಹತ್ತಿದ ಮೇಲೆ ಇನ್ನೊಂದು ಹೊಸದು: ಹಡಗಿನ ಸಮಯ. ನಮ್ಮ ಹಡಗು ಸಿಂಗಾಪುರದ ಸಮಯವನ್ನೇ ಹಿಡಿದು ಕೂತಿತ್ತು. ಥಾಯ್ಲೆಂಡಿನ ಫುಕೆಟ್‌ನಲ್ಲಿ ದೋಣಿಗೆ ಹತ್ತಿಸಿ ದಡಕ್ಕೆ ಬಿಟ್ಟರು. ಅಲ್ಲಿ ಒಂದು ಗಂಟೆ ಹಿಂದೆ. ಫೋನು ಯಾರನ್ನೂ ಕೇಳದೆ ಥಾಯ್ ಆಯಿತು. ನನ್ನ ಕೈಗಡಿಯಾರ ಹಡಗಿನದ್ದು. ನನ್ನ ಹೆಂಡತಿಯದ್ದು ಬೆಂಗಳೂರಿನದ್ದು, ಅದೂ ನಮ್ಮ ಗೋಡೆ ಗಡಿಯಾರದ ಹಾಗೆ ಹತ್ತು ನಿಮಿಷ ಮುಂದೆ.

ಅವಳಿಗೆ ಫುಕೆಟ್ ಮುತ್ತಿನ ಓಲೆ ಬೇಕಿತ್ತು. ಅಂಗಡಿ ಬಾಗಿಲಲ್ಲಿ ನಿಂತು, "ರೀ, ಇವತ್ತು ಮಂಗಳವಾರ ಅಲ್ವಾ? ಮೂರರಿಂದ ನಾಲ್ಕೂವರೆ ರಾಹುಕಾಲ," ಅಂದಳು. ಯಾವ ಮೂರು? ನಾನು ಲೆಕ್ಕ ಹಾಕಲು ಹೋಗಬಾರದಿತ್ತು. ಹಡಗಿನ ರಾಹುಕಾಲ ಥಾಯ್ ಲೆಕ್ಕದಲ್ಲಿ ಎರಡಕ್ಕೇ ಶುರು. ಅದು ಮುಗಿಯುವ ಮೊದಲೇ ಮೂರಕ್ಕೆ ಥಾಯ್ ರಾಹು ಬಂದು ಕೂರುತ್ತಾನೆ. ಅವನು ನಾಲ್ಕೂವರೆಗೆ ಎದ್ದ ಅಂದರೆ, ಅದೇ ಕ್ಷಣಕ್ಕೆ ಬೆಂಗಳೂರಿನವನು ಹಾಜರು, ಆರರವರೆಗೆ. ಒಂದು ನಿಮಿಷ ಸಂದಿಲ್ಲ. ಎರಡರಿಂದ ಆರು, ಒಟ್ಟು ನಾಲ್ಕು ಗಂಟೆ ರಾಹುಕಾಲ. ನಮ್ಮ ಸರ್ಕಾರಿ ಕಚೇರಿಗಳಲ್ಲೂ ಶಿಫ್ಟ್ ಇಷ್ಟು ಚೊಕ್ಕವಾಗಿ ಬದಲಾಗುವುದಿಲ್ಲ. ಓಲೆ ಉಳಿಯಿತು. ಅಂದರೆ ನನ್ನ ದುಡ್ಡು ಉಳಿಯಿತು. ಪಿಡಿಎಫ್‌ನಲ್ಲಿ ಈ ಲಾಭದ ಬಗ್ಗೆ ಒಂದಕ್ಷರ ಇರಲಿಲ್ಲ.

ಕೊನೆಯ ದೋಣಿ ಐದಕ್ಕೆ. ಹಡಗಿನ ಐದು, ಅಂದರೆ ಫೋನಿನ ನಾಲ್ಕು. ಫೋನು ನಂಬಿಕೊಂಡಿದ್ದ ಒಂದು ಕುಟುಂಬ ಮಕ್ಕಳನ್ನು ಎಳೆದುಕೊಂಡು ಮರಳಿನಲ್ಲಿ ಏದುಸಿರು ಬಿಡುತ್ತಾ ಓಡಿ ಬಂತು. ದೋಣಿಯಲ್ಲಿ ಕೂತ ಜನ ಚಪ್ಪಾಳೆ ಹೊಡೆದರು, ವಿಡಿಯೊ ಮಾಡಿಕೊಂಡರು. ಅಜ್ಜಿಗೆ ಕೈ ಕೊಟ್ಟು ಹತ್ತಿಸಲು ಮಾತ್ರ ಯಾರ ಕೈಯೂ ಖಾಲಿ ಇರಲಿಲ್ಲ.

ಅವತ್ತು ರಾತ್ರಿ ಹಡಗಿನ ಹನ್ನೆರಡಕ್ಕೆ ಮಗ ಲ್ಯಾಪ್‌ಟಾಪ್ ಹಿಡಿದು ಎದ್ದು ಹೋದ. ರಜೆ ಹಾಕಿದ್ದಾನೆ. ಆದರೂ ಶಿಕಾಗೋದಲ್ಲಿ ಬೆಳಗ್ಗೆ ಹನ್ನೊಂದಾಗಿತ್ತು. "ಅರ್ಧ ಗಂಟೆ ಅಷ್ಟೇ ಅಪ್ಪ," ಅಂದ. ಬಂದದ್ದು ಎರಡಕ್ಕೆ.

ಆರು ವರ್ಷದಿಂದ ಅವನು ವೈಟ್‌ಫೀಲ್ಡಿನಲ್ಲಿ ಕೂತು ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದಿನ ದೇಶದಲ್ಲಿ ಬದುಕುತ್ತಿದ್ದಾನೆ. ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿದರೆ ಇಲ್ಲಿ ಇವನ ಊಟದ ಹೊತ್ತು ಬದಲಾಗುತ್ತದೆ. ನವೆಂಬರ್‌ನಲ್ಲಿ ಹಿಂದಕ್ಕೆ ತಿರುಗಿಸಿದಾಗ ಮತ್ತೆ. ದಿನಕ್ಕೆ ಹತ್ತು ನಿಮಿಷ ಬೇಗ ಮಲಗಪ್ಪ ಅಂತ ಅವನಿಗೆ ಯಾರೂ ಹೇಳಲಿಲ್ಲ. ಅಸಿಡಿಟಿ ಮಾತ್ರೆ ಅವನ ಜೇಬಲ್ಲೇ ಇರುತ್ತದೆ. ಮೂವತ್ತಕ್ಕೇ ತಲೆ ಅರ್ಧ ನರೆತಿದೆ. ಐದು ದಿನ ಮೋಜಿಗೆ ಹೋಗುವವನ ನಿದ್ದೆಗೆ ಇಷ್ಟು ಉಪಚಾರ. ದುಡಿಯುವವನ ನಿದ್ದೆ ಕೇಳುವವರಿಲ್ಲ. ಇದಕ್ಕೆ ತಮಾಷೆ ಮಾಡಲು ನನಗೆ ಬರುವುದಿಲ್ಲ, ಕ್ಷಮಿಸಿ.

ಊರಿಗೆ ಬಂದ ಮಾರನೇ ದಿನ ಟೂರಿನವರಿಂದ ಇನ್ನೊಂದು ಪಿಡಿಎಫ್ ಬಂತು: ಪ್ರವಾಸದ ನಂತರ ದೇಹವನ್ನು ಮತ್ತೆ ಹಳೇ ಸಮಯಕ್ಕೆ ತರುವುದು ಹೇಗೆ. ಹತ್ತು ಗಂಟೆಗೆ ಮಲಗುವ ಮುನ್ನ ಅದನ್ನು ಮಗನಿಗೆ ಫಾರ್ವರ್ಡ್ ಮಾಡಿದೆ. ನೀಲಿ ಟಿಕ್ ಬಿದ್ದದ್ದು ಬೆಳಗಿನ ಜಾವ ಮೂರಕ್ಕೆ.