ಹೆಸರೇ ಮಿಸ್ಟರ್

ಹೋದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ಪಕ್ಕದ ರೂಮಲ್ಲಿ ಮಗ ಲ್ಯಾಪ್‌ಟಾಪ್ ಮುಂದೆ ಕೂತು ಒಬ್ಬನೇ ಬಿದ್ದೂ ಬಿದ್ದೂ ನಗ್ತಿದ್ದ. ಏನಿರಬಹುದು ಅಂತ ಹೋಗಿ ನೋಡಿದ್ರೆ 'ಡೋಲಮೈಟ್'. 1975ರ ಅಮೆರಿಕದ ಪಿಕ್ಚರ್. ಹೊಟ್ಟೆ ಮುಂದಕ್ಕೆ ಬಂದಿರೋ, ಐವತ್ತರ ಹತ್ತಿರದ ಹೀರೋ ಕಾಲೆತ್ತಿ ಒದೀತಾನೆ. ಅವನ ಪಾದಕ್ಕೂ ಎದುರಿನ ರೌಡಿಯ ದವಡೆಗೂ ನಡುವೆ ಸರಿಯಾಗಿ ಒಂದು ಗೇಣು ಖಾಲಿ. ಆದರೂ ರೌಡಿ ಹಾರಿ ಬೀಳ್ತಾನೆ. ಪಾಪ, ಬೀಳೋಕೇ ಕರೆಸಿದ್ದಾರಲ್ಲ. "ಅಪ್ಪಾ, ಮೇಲೆ ನೋಡು, ಮೈಕ್ ಕಾಣ್ತಿದೆ" ಅಂತ ಮಗ ನಿಲ್ಲಿಸಿ ತೋರಿಸಿದ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ: "ಇದನ್ನ ದುಡ್ಡು ಕೊಟ್ಟು ಯಾರು ನೋಡ್ತಿದ್ರು?"

ನಾನು ಹೇಳೋಕೆ ಶುರು ಮಾಡಿದೆ. ಕಾಲು ಗಂಟೆಗೆ ಅವನು ಕ್ರಿಕೆಟ್ ಬ್ಯಾಟ್ ಎತ್ಕೊಂಡು ಹೊರಟ. ಮಿಕ್ಕಿದ್ದನ್ನ ನಿಮ್ಮ ತಲೆಗೆ ಕಟ್ತಿದ್ದೀನಿ.

ಮೊದಲು ಆ ಮೈಕಿನ ವಿಷಯ. ಆಗಿನ ಕ್ಯಾಮೆರಾದಲ್ಲಿ ಫಿಲ್ಮಿನ ಮೇಲೆ ಮೂಡ್ತಿದ್ದ ಚಿತ್ರ, ಪರದೆ ಮೇಲೆ ಕಾಣೋದಕ್ಕಿಂತ ಎತ್ತರವಾಗಿರ್ತಿತ್ತು. ಥಿಯೇಟರಿನಲ್ಲಿ ಪ್ರೊಜೆಕ್ಟರಿಗೆ ತಗಡಿನ ಚೌಕಟ್ಟು ಸಿಕ್ಕಿಸಿ ಮೇಲೊಂದಷ್ಟು ಕೆಳಗೊಂದಷ್ಟು ಮುಚ್ಚಿಬಿಡ್ತಿದ್ರು. ಕ್ಯಾಸೆಟ್ಟಿಗೆ ಇಳಿಸಿದೋರು ಮುಚ್ಚಲಿಲ್ಲ, ಇದ್ದದ್ದೆಲ್ಲ ಬಿಚ್ಚಿಟ್ರು. ಮೈಕೂ ಬಂತು. 2016ರಲ್ಲಿ ವಿನೆಗರ್ ಸಿಂಡ್ರೋಮ್ ಅನ್ನೋ ಅಮೆರಿಕದ ಕಂಪನಿ ಬ್ಲೂ-ರೇ ತಂದಾಗ ಸರಿಯಾದ ಅಳತೆಯದ್ದೊಂದು, ಮೈಕ್ ಕಾಣೋದೊಂದು, ಎರಡನ್ನೂ ಹಾಕಿಕೊಟ್ರು. ಅಂದಹಾಗೆ ಕ್ಯಾಮೆರಾ ಹಿಡಿದಿದ್ದವನು ಮರ್ಲೀನ್ ಡೀಟ್ರಿಚ್‌ಳನ್ನ ತಾರೆ ಮಾಡಿದ ನಿರ್ದೇಶಕ ಜೋಸೆಫ್ ಫಾನ್ ಸ್ಟರ್ನ್‌ಬರ್ಗ್‌ನ ಮಗ ನಿಕೋಲಸ್. ಇಷ್ಟು ವರ್ಷ ಜನ ಅವನ ದಡ್ಡತನ ಅಂತ ನಕ್ಕಿದ್ದರಲ್ಲಿ ದೊಡ್ಡ ಪಾಲು ಕ್ಯಾಸೆಟ್ ಮಾಡಿದೋರದ್ದು. ಕಾಲು ತಾಗದೇ ಇದ್ದದ್ದು ಮಾತ್ರ ಪಿಕ್ಚರ್‌ನೋರದ್ದೇ. ಅದಕ್ಕೆ ನಾನು ವಕಾಲತ್ತು ಹಾಕಲ್ಲ.

ಹೀರೋ ರೂಡಿ ರೇ ಮೂರ್ ಪೋಲಿ ಜೋಕಿನ ರೆಕಾರ್ಡ್ ಮಾರಿ ದುಡ್ಡು ಕೂಡಿಸಿದ ಕಪ್ಪು ಹಾಸ್ಯಗಾರ. ಸ್ಟುಡಿಯೋದವರು ಯಾರೂ ಬಾಗಿಲು ತೆಗೀಲಿಲ್ಲ, ತಾನೇ ಕೈಯಿಂದ ಹಾಕಿ ತೆಗೆದ. ಚಿತ್ರೀಕರಣ ನಡೆದದ್ದು ಲಾಸ್ ಏಂಜಲೀಸ್‌ನ ಡನ್‌ಬಾರ್ ಹೋಟೆಲಲ್ಲಿ. 1928ರಲ್ಲಿ ಕಟ್ಟಿದ್ದು. ಊರಿನ ದೊಡ್ಡ ಹೋಟೆಲುಗಳು ಕಪ್ಪು ಜನಕ್ಕೆ ರೂಮು ಕೊಡದ ಕಾಲದಲ್ಲಿ ಡ್ಯೂಕ್ ಎಲಿಂಗ್ಟನ್, ಬಿಲ್ಲಿ ಹಾಲಿಡೇ ಅಂಥ ಹೆಸರಾಂತ ಸಂಗೀತಗಾರರು ಇಳ್ಕೊಳ್ತಿದ್ದ ಜಾಗ. ಎಪ್ಪತ್ತರ ದಶಕಕ್ಕೆ ಪಾಳು ಬಿದ್ದಿತ್ತು. ನನ್ನ ಮಗ "ಸೆಟ್ ನೋಡು, ಗೋಡೆ ಬಣ್ಣ ಎದ್ದಿದೆ" ಅಂತಲೂ ನಕ್ಕಿದ್ದ, ಆ ಗೋಡೆ ಅದು.

ಈ ಜಾತಿಯ ಪಿಕ್ಚರುಗಳಿಗೆ 'ಬ್ಲ್ಯಾಕ್ಸ್‌ಪ್ಲಾಯ್ಟೇಶನ್' ಅಂತ ಹೆಸರು. ಹೊಗಳಿಕೆ ಅಲ್ಲ, ಬೈಗುಳ. 1972ರಲ್ಲಿ ಕಪ್ಪು ಜನರ ಹಕ್ಕಿನ ಸಂಘಟನೆಯ ಹಾಲಿವುಡ್ ಶಾಖೆಯ ಜೂನಿಯಸ್ ಗ್ರಿಫಿನ್ ಚಾಲ್ತಿಗೆ ತಂದ ಮಾತು. ಕಪ್ಪು ಜನರನ್ನ ಸುಲಿಗೆ ಮಾಡೋ ಸಿನಿಮಾ ಅಂತ ಅರ್ಥ. ಅದರ ಹಿಂದಿನ ವರ್ಷ ಬಂದ 'ಶಾಫ್ಟ್' ಓಡಿದ್ದೇ ತಡ, ಸ್ಟುಡಿಯೋಗಳಿಗೆಲ್ಲ ಕಪ್ಪು ಹೀರೋ ಬೇಕಾಗಿಬಿಟ್ಟಿದ್ದ. ಬಿಳಿ ಕುಟುಂಬಗಳು ಪಟ್ಟಣ ಬಿಟ್ಟು ಹೊರವಲಯದ ಬಡಾವಣೆಗಳಿಗೆ ಹೋಗಿದ್ವು. ಪಟ್ಟಣದ ನಡುವಿನ ದೊಡ್ಡ ದೊಡ್ಡ ಹಳೇ ಥಿಯೇಟರುಗಳು ಭಣಭಣ. ಉಳಿದಿದ್ದ ಪ್ರೇಕ್ಷಕರು ಕಪ್ಪು ಜನ, ಪೋರ್ಟೊರಿಕೋದವರು. ಒಂದೇ ಟಿಕೆಟ್ಟಿಗೆ ಎರಡು ಮೂರು ಪಿಕ್ಚರ್ ಹಾಕಬೇಕು ಅಂದ್ರೆ ಅಗ್ಗದ ಸರಕು ಬೇಕು.

ಆ ಹೊತ್ತಿಗೆ ಸರಿಯಾಗಿ ಹಾಂಗ್‌ಕಾಂಗಿನ ಕುಂಗ್‌ಫು ಬಂದು ಇಳೀತು. 1973ರ ಮಾರ್ಚಲ್ಲಿ ಶಾ ಬ್ರದರ್ಸ್‌ನವರ 'ಫೈವ್ ಫಿಂಗರ್ಸ್ ಆಫ್ ಡೆತ್' ಅಮೆರಿಕದಲ್ಲಿ ಬಿಡುಗಡೆ. ಅದರಲ್ಲಿ ಹೀರೋ ಲೋ ಲಿಯೆಗೆ ಸಿಟ್ಟು ಬಂದಾಗ ಅಂಗೈ ಕೆಂಪಗೆ ಹೊಳೆಯುತ್ತೆ, ಹಿಂದೆ ಸೈರನ್ ಥರ ಒಂದು ಸಂಗೀತ ಕೂಗುತ್ತೆ. ಆ ಸಂಗೀತ ಅಮೆರಿಕದ ಒಂದು ಟೀವಿ ಧಾರಾವಾಹಿಯಿಂದ ಎತ್ತಿದ್ದು, ಮಾಡಿದ್ದು ಕ್ವಿನ್ಸಿ ಜೋನ್ಸ್. ಕಪ್ಪು ಸಂಗೀತಗಾರನ ಟ್ಯೂನು ಹಾಂಗ್‌ಕಾಂಗಿಗೆ ಹೋಗಿ, ಚೀನೀಯನ ಅಂಗೈ ಸೇರಿ, ಅಗ್ಗದ ಥಿಯೇಟರುಗಳಿದ್ದ ನ್ಯೂಯಾರ್ಕಿನ 42ನೇ ಬೀದಿಗೆ ವಾಪಸ್ ಬಂತು. ಕೊಡುಕೊಳ್ಳುವಿಕೆ ಮುಂಚೆಯೇ ಶುರುವಾಗಿತ್ತು ಅನ್ನಿ.

ಆ ಜನಕ್ಕೆ ಕುಂಗ್‌ಫು ಯಾಕಷ್ಟು ಹತ್ತಿರವಾಯ್ತು? ಹೀರೋ ಬಿಳಿಯನಲ್ಲ. ಕೈಯಲ್ಲಿ ಬಂದೂಕಿಲ್ಲ. ಬ್ರೂಸ್ ಲೀಯ ಒಂದು ಪಿಕ್ಚರಲ್ಲಿ ಶಾಂಘೈನ ಪಾರ್ಕಿನ ಬಾಗಿಲಲ್ಲಿ 'ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ' ಅನ್ನೋ ಬೋರ್ಡು. ಲೀ ಹಾರಿ ಒದ್ದು ಚೂರು ಮಾಡ್ತಾನೆ. 'ಬಿಳಿಯರಿಗೆ ಮಾತ್ರ' ಅನ್ನೋ ಬೋರ್ಡುಗಳನ್ನ ಕಾನೂನು ಇಳಿಸಿದ್ದು 1964ರಲ್ಲಿ. ಹತ್ತು ವರ್ಷವೂ ಆಗಿರಲಿಲ್ಲ. ಅಲ್ಲಿ ಕೂತಿದ್ದೋರಿಗೆ ಸಬ್‌ಟೈಟಲ್ ಬೇಕಿತ್ತಾ? ಜೊತೆಗೆ ಒಕಿನಾವಾ, ವಿಯೆಟ್ನಾಮಿಗೆ ಸೈನ್ಯದಲ್ಲಿ ಹೋಗಿದ್ದ ಹುಡುಗರು ಕರಾಟೆ ಕಲಿತು ಬಂದು ಕೇರಿಗಳಲ್ಲಿ ಕಲಿಸ್ತಿದ್ರು. ನಿರ್ಮಾಪಕರ ಲೆಕ್ಕ ಇನ್ನೂ ಸಲೀಸು: ಒಬ್ಬ ಒದೆಯೋನು, ಹತ್ತು ಜನ ಬೀಳೋರು, ಒಂದು ಖಾಲಿ ಸೈಟು.

ಇಲ್ಲಿಗೆ ಬರ್ತಾನೆ ನನ್ನ ಹೀರೋ. ಜಿಮ್ ಕೆಲ್ಲಿ. ಕೆಂಟಕಿಯ ಹುಡುಗ. ಕಾಲೇಜಲ್ಲಿ ಫುಟ್‌ಬಾಲ್ ಆಡ್ತಿದ್ದಾಗ ಕೋಚು ಜೊತೆಯ ಕಪ್ಪು ಆಟಗಾರನಿಗೆ ಬಣ್ಣ ಎತ್ತಿ ಬೈದ ಅಂತ ಬಿಟ್ಟು ಹೊರಟವನು. 1971ರಲ್ಲಿ ಲಾಂಗ್ ಬೀಚ್ ಕರಾಟೆ ಪಂದ್ಯದಲ್ಲಿ ಮಿಡಲ್‌ವೆಯ್ಟ್ ಚಾಂಪಿಯನ್. ಬ್ರೂಸ್ ಲೀಯ 'ಎಂಟರ್ ದ ಡ್ರ್ಯಾಗನ್'ಗೆ ಗೊತ್ತು ಮಾಡಿದ್ದ ನಟ ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರಿಂದ ಇವನಿಗೆ ಪಾತ್ರ ಸಿಕ್ತು. ಅದರಲ್ಲಿ ಅವನು ಊರು ಬಿಡೋಕೆ ಮುಂಚೆ ಒಂದು ಕರಾಟೆ ಶಾಲೆಗೆ ಹೋಗಿ ಗುರುವಿಗೆ ನಮಸ್ಕಾರ ಮಾಡ್ತಾನೆ. ಅದು ಸೆಟ್ ಅಲ್ಲ, ಬ್ಲ್ಯಾಕ್ ಕರಾಟೆ ಫೆಡರೇಶನ್‌ನವರ ನಿಜವಾದ ಶಾಲೆ; ಗುರು ಸ್ಟೀವ್ ಸ್ಯಾಂಡರ್ಸ್ ಕೂಡ ನಿಜವಾದ ಗುರುವೇ. ಪಂದ್ಯಗಳಲ್ಲಿ ಬಿಳಿ ತೀರ್ಪುಗಾರರು ಕಪ್ಪು ಹುಡುಗರ ಏಟಿಗೆ ಪಾಯಿಂಟೇ ಕೊಡ್ತಿರಲಿಲ್ಲ ಅಂತ ಹುಟ್ಟಿದ ಸಂಸ್ಥೆ ಅದು. ಡೋಲಮೈಟ್‌ನ ಕಾಲು ತಾಗಲ್ಲ ಅಂತ ನಗೋ ಮುಂಚೆ ಇದು ನೆನಪಿರಲಿ: ತಾಗಿದ ಕಾಲಿಗೂ ಲೆಕ್ಕ ಸಿಗದೇ ಇದ್ದ ಕಾಲ.

ಲೀ 1973ರ ಜುಲೈ 20ಕ್ಕೆ ತೀರ್ಕೊಂಡ, ಪಿಕ್ಚರ್ ಆಗಸ್ಟಲ್ಲಿ ಬಂತು. ಕೆಲ್ಲಿಯ ಪಾತ್ರವನ್ನ ಅದರಲ್ಲಿ ಅರ್ಧಕ್ಕೇ ಸಾಯಿಸ್ತಾರೆ. ಆದರೂ ಆ ಆಫ್ರೋ ಕೂದಲು, ಉದ್ದ ಕಾಲು, ಎದುರಿನವನು ಎಷ್ಟೇ ಘನಂದಾರಿಯಾಗಿದ್ರೂ ಲೆಕ್ಕಕ್ಕಿಡದ ಆ ನಗು ಜನರ ಮನಸ್ಸಲ್ಲಿ ಕೂತುಬಿಡ್ತು. ವಾರ್ನರ್‌ನವರು ಮೂರು ಪಿಕ್ಚರ್‌ಗೆ ಸಹಿ ಹಾಕಿಸ್ಕೊಂಡ್ರು.

ನಾನು ಅವನನ್ನ ಸರಿಯಾಗಿ ನೋಡಿದ್ದು 1991ರಲ್ಲಿ, ಮೈಸೂರಿನ ಹಾಸ್ಟೆಲಲ್ಲಿ. ತಲೆಗೆ ಐದು ರೂಪಾಯಿ ಹಾಕಿ ಟೀವಿ, ವಿಸಿಪಿ ಬಾಡಿಗೆ ತಂದಿದ್ವಿ. ಅಂಗಡಿಯವನು 'ಬ್ರೂಸ್ ಲೀ ಪಿಕ್ಚರ್' ಅಂತ ಕೊಟ್ಟ ಕ್ಯಾಸೆಟ್ಟಲ್ಲಿ ಬ್ರೂಸ್ ಲೀ ಇರಲೇ ಇಲ್ಲ. ಇದ್ದದ್ದು 1974ರ 'ತ್ರೀ ದ ಹಾರ್ಡ್ ವೇ'. ಜಿಮ್ ಬ್ರೌನ್, ಫ್ರೆಡ್ ವಿಲಿಯಮ್ಸನ್, ಜಿಮ್ ಕೆಲ್ಲಿ. ಬಿಳಿ ಜನಾಂಗವೇ ಶ್ರೇಷ್ಠ ಅನ್ನೋ ಒಂದು ಗುಂಪು ಮೂರು ಊರುಗಳ ಕುಡಿಯೋ ನೀರಿಗೆ ವಿಷ ಬೆರೆಸೋಕೆ ಹೊರಡುತ್ತೆ. ಕಪ್ಪು ಜನರನ್ನ ಮಾತ್ರ ಕೊಲ್ಲೋ ವಿಷ. ಎಂಥ ತಲೆಬುಡ ಇಲ್ಲದ ಕತೆ ಅಂತ ಆಗ ನಕ್ಕಿದ್ವಿ. ಎಷ್ಟೋ ವರ್ಷದ ಮೇಲೆ ಟಸ್ಕೀಗಿ ವಿಷಯ ಓದಿದೆ. ಅಲಬಾಮಾದಲ್ಲಿ ಸರ್ಕಾರದ ಆರೋಗ್ಯ ಇಲಾಖೆಯವರೇ 1932ರಿಂದ ನಲವತ್ತು ವರ್ಷ ಸಿಫಿಲಿಸ್ ಇದ್ದ ಬಡ ಕಪ್ಪು ಗಂಡಸರಿಗೆ ಮದ್ದು ಕೊಡದೆ, ರೋಗ ಹೇಗೆ ಬೆಳೆಯುತ್ತೆ ಅಂತ ನೋಡ್ತಾ ಕೂತಿದ್ರು. ಅದು ಪತ್ರಿಕೆಗೆ ಬಂದದ್ದು 1972ರ ಜುಲೈಯಲ್ಲಿ. ಎರಡು ವರ್ಷದ ಮೇಲೆ ಈ ಪಿಕ್ಚರ್. ಥಿಯೇಟರಲ್ಲಿ ಕೂತಿದ್ದೋರು ನಕ್ಕಿರಲಾರರು.

ಆದರೆ ನನಗೆ ಮನಸ್ಸಲ್ಲಿ ನಿಂತದ್ದು ವಿಷದ ಕತೆಯಲ್ಲ, ಕೆಲ್ಲಿಯ ಪಾತ್ರದ ಹೆಸರು. ಮಿಸ್ಟರ್ ಕೀಸ್. ಇಲ್ಲಿ ಮಿಸ್ಟರ್ ಅನ್ನೋದು ಮರ್ಯಾದೆಗೆ ಹಚ್ಚಿದ್ದಲ್ಲ, ಅವನ ಹೆಸರೇ ಮಿಸ್ಟರ್. ಜನ ಕರೆದಾಗಲೆಲ್ಲ ಮರ್ಯಾದೆ ಕೊಟ್ಟೇ ಕರೀಬೇಕು ಅಂತ ಅಮ್ಮ ಇಟ್ಟದ್ದು. ಅಮೆರಿಕದ ದಕ್ಷಿಣದಲ್ಲಿ ಬಿಳಿಯರು ಎಪ್ಪತ್ತು ವರ್ಷದ ಕಪ್ಪು ಮುದುಕನನ್ನೂ 'ಏಯ್ ಹುಡುಗಾ' ಅಂತಿದ್ರು. ಮಿಸ್ಟರ್ ಅನ್ನೋ ಪದ ಸತ್ತರೂ ಬಾಯಿಗೆ ಬರ್ತಿರಲಿಲ್ಲ. ಪೊಲೀಸರು ಅವನ ಕಾರಲ್ಲಿ ಡ್ರಗ್ಸ್ ಇಟ್ಟು ಸಿಕ್ಕಿಸೋಕೆ ನೋಡ್ತಾರೆ. ಅವನು ನಡುಬೀದಿಯಲ್ಲಿ ಅಷ್ಟೂ ಜನರನ್ನ ಮಲಗಿಸ್ತಾನೆ.

ಹಾಸ್ಟೆಲಲ್ಲಿ ಅವತ್ತು ಇಂಗ್ಲಿಷ್ ಅರ್ಧಂಬರ್ಧ ಗೊತ್ತಿದ್ದ ನಮಗೆ ಇದೊಂದು ಮಾತ್ರ ಪೂರ್ತಿ ಅರ್ಥವಾಗಿತ್ತು. ನಮ್ಮ ತಾತನ ಹೆಸರು ರೆಕಾರ್ಡಲ್ಲಿ ಸಿದ್ದಯ್ಯ. ಊರಲ್ಲಿ ಸಿದ್ದ. 'ಅಯ್ಯ' ಅನ್ನೋದು ನಮ್ಮ ಕೇರಿಯ ಗಡಿ ದಾಟ್ತಿದ್ದಂಗೆ ಉದುರಿ ಹೋಗ್ತಿತ್ತು. ಮೇಲಿನ ಬೀದಿಯ ಹತ್ತು ವರ್ಷದ ಹುಡುಗನೂ "ಲೇ ಸಿದ್ದ, ಬಾರ್ಲಾ ಇಲ್ಲಿ" ಅಂದ್ರೆ ತಾತ "ಬಂದೆ ಬುದ್ದಿ" ಅನ್ನಬೇಕು. ನಮ್ಮಪ್ಪ ಓದಿ ಪ್ರೈಮರಿ ಸ್ಕೂಲ್ ಮೇಷ್ಟ್ರಾದ್ರು. ಅದೇ ಬೀದಿಯವರು ಮಕ್ಕಳ ಮಾರ್ಕ್ಸ್‌ಕಾರ್ಡಿಗೆ ಬಂದಾಗ "ಮೇಷ್ಟ್ರೇ" ಅನ್ನಲೇಬೇಕಾಯ್ತು. ಕೆಲವರು ಅದನ್ನೂ ತಪ್ಪಿಸ್ಕೊಳ್ಳೋಕೆ ಕರೆಯದೇ ಕೆಮ್ಮುತ್ತಾ ನಿಲ್ತಿದ್ರಂತೆ. ಮಿಸ್ಟರ್, ಮೇಷ್ಟ್ರು, ಎರಡೂ 'ಮಾಸ್ಟರ್' ಅನ್ನೋ ಒಂದೇ ಪದದಿಂದ ಬಂದವು. ಗುಲಾಮರು ಒಡೆಯನನ್ನ ಕರೀಬೇಕಿದ್ದ ಪದ ಅದು. ಮುಂಬೈಯಲ್ಲಿ ಕೆಲವು ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ದಲಿತ್ ಪ್ಯಾಂಥರ್ಸ್ ಕಟ್ಟಿದ್ದೂ ಅದೇ 1972ರಲ್ಲಿ ಅಂತ ಆಮೇಲೆ ತಿಳೀತು. ಅವತ್ತು ರಾತ್ರಿ ಮಾತ್ರ ನಾವು ಆ ಪೊಲೀಸ್ ಫೈಟನ್ನ ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದ್ವಿ, ಕ್ಯಾಸೆಟ್ ಟೇಪು ಸಿಕ್ಕಿಹಾಕಿಕೊಳ್ಳೋವರೆಗೆ.

ಹಾಗಂತ ಇವೆಲ್ಲ ಮಹಾನ್ ಚಿತ್ರಗಳು ಅಂತ ನಾನು ಹೊತ್ತು ತಿರುಗ್ತಿಲ್ಲ. ಗ್ರಿಫಿನ್ ಬೈದದ್ದರಲ್ಲಿ ನಿಜ ಇತ್ತು. ಲಾಭದ ಹೆಚ್ಚು ಪಾಲು ಬಿಳಿ ನಿರ್ಮಾಪಕರಿಗೇ ಹೋಯ್ತು. ಪಿಂಪು, ಡ್ರಗ್ಸ್ ಮಾರೋನು ಹೀರೋ ಆದ. ಚೀನೀಯರನ್ನ ತೋರಿಸಿದ ರೀತಿ ಎಷ್ಟೋ ಕಡೆ ಅಸಹ್ಯ. ಸ್ಟುಡಿಯೋಗಳಿಗಂತೂ, ಬಿಳಿ ಹೀರೋನ ದೊಡ್ಡ ಪಿಕ್ಚರುಗಳಿಗೂ ಕಪ್ಪು ಜನ ಬರ್ತಾರೆ ಅಂತ ಗೊತ್ತಾದ ಕೂಡಲೇ ಈ ಹೀರೋಗಳು ಬೇಡವಾದ್ರು. ಐದಾರು ವರ್ಷದಲ್ಲಿ ಅಂಗಡಿ ಬಂದ್. ಕೆಲ್ಲಿಗೆ ತನಗೆ ಬೇಕಾದಂಥ ಪಾತ್ರ ಬರೋದು ನಿಂತಿತು. ಟೆನಿಸ್ ಆಡ್ಕೊಂಡಿದ್ದ, ಅದರಲ್ಲೂ ಒಳ್ಳೇ ಕೈ. 2013ರಲ್ಲಿ ತೀರ್ಕೊಂಡ. ಹಾಂಗ್‌ಕಾಂಗಿಗೇ ಹೋಗಿ 'ಬ್ಲ್ಯಾಕ್ ಡ್ರ್ಯಾಗನ್' ಅನ್ನಿಸ್ಕೊಂಡ ಇನ್ನೊಬ್ಬ ಕಪ್ಪು ಹೀರೋ ರಾನ್ ವ್ಯಾನ್ ಕ್ಲೀಫ್ 1994ರಲ್ಲಿ, 51ನೇ ವಯಸ್ಸಲ್ಲಿ, ಯುಎಫ್‌ಸಿ ಅನ್ನೋ ನಿಜವಾದ ಹೊಡೆದಾಟದ ಪಂದ್ಯದ ಅಖಾಡಕ್ಕೆ ಇಳಿದು ರಾಯ್ಸ್ ಗ್ರೇಸಿ ಕೈಲಿ ಕತ್ತು ಹಿಸುಕಿಸಿಕೊಂಡ. ಸೋತ, ಆದರೆ ಆ ವಯಸ್ಸಲ್ಲಿ ಇಳಿದನಲ್ಲ!

2009ರ 'ಬ್ಲ್ಯಾಕ್ ಡೈನಮೈಟ್' ಇವನ್ನೆಲ್ಲ ಅಣಕಿಸಿ ಮಾಡಿದ್ದು. ಮೈಕ್ ಬೇಕಂತಲೇ ಫ್ರೇಮಿನೊಳಗೆ ಬರುತ್ತೆ. ಪ್ರೀತಿಯಿಂದಲೇ ಮಾಡಿದ್ದಾರೆ, ನಾನೂ ನಕ್ಕಿದ್ದೀನಿ. ಆದರೆ ದುಡ್ಡಿದ್ದವನು ಹರಿದ ಪ್ಯಾಂಟ್ ಹಾಕ್ಕೊಂಡಂಗೆ ಅದು.

ಹೆಂಗಸರ ವಿಷಯಕ್ಕೂ ಇದೇ ಇಬ್ಬಂದಿ. ಒಂದು ಕಡೆ ಬಟ್ಟೆ ಬಿಚ್ಚಿಸೋಕೆ ನೆಪ ಹುಡುಕ್ತಾರೆ. ಇನ್ನೊಂದು ಕಡೆ ಆರಡಿ ಎರಡಿಂಚಿನ ಟಮಾರಾ ಡಾಬ್ಸನ್ 'ಕ್ಲಿಯೋಪಾತ್ರಾ ಜೋನ್ಸ್' ಆಗಿ ಒದ್ದಾಗ ಹಾಲಿವುಡ್ಡಲ್ಲಿ ಬಿಳಿ ನಾಯಕಿಯರಿಗೂ ಅಂಥ ಪಾತ್ರ ಇರಲಿಲ್ಲ. ನಿನ್ನೆ ರಾತ್ರಿ ಎಲ್ಲ ಮಲಗಿದ ಮೇಲೆ ನಾನು ಮತ್ತೆ ಕೆಲ್ಲಿಯ 'ಬ್ಲ್ಯಾಕ್ ಬೆಲ್ಟ್ ಜೋನ್ಸ್' ಹಾಕ್ಕೊಂಡು ಕೂತೆ. ಕೊನೇ ಫೈಟು ಕಾರ್ ತೊಳೆಯೋ ಜಾಗದಲ್ಲಿ, ಸೊಂಟದ ಮಟ್ಟ ಸೋಪಿನ ನೊರೆ, ಯಾರು ಯಾರಿಗೆ ಹೊಡೀತಿದ್ದಾರೆ ಅಂತ ದೇವರಿಗೇ ಗೊತ್ತು. ಅದಕ್ಕೂ ಮುಂಚೆ ಒಂದು ಸೀನಿದೆ. ಜಿಮ್ ಕೆಲ್ಲಿ ಫೈಟಿಗೆ ಹೊರಡ್ತಾ, ನಾಯಕಿ ಗ್ಲೋರಿಯಾ ಹೆಂಡ್ರಿಗೆ ನೀನು ಮನೇಲಿದ್ದು ಪಾತ್ರೆ ತೊಳಿ ಅನ್ನೋ ಅರ್ಥದ ಮಾತೊಂದು ಎಸೀತಾನೆ. ಅವಳು ಪಿಸ್ತೂಲ್ ಎತ್ತಿ ಸಿಂಕಿನ ಪಾತ್ರೆಗಳಿಗೆ ಢಂ ಢಂ ಅಂತ ಗುಂಡು ಹೊಡೆದು, ಆಯ್ತು ಅಂತಾಳೆ.

ಆ ಸದ್ದಿಗೆ ನನ್ನ ಹೆಂಡತಿಗೆ ಎಚ್ಚರವಾಯ್ತು. ಬಾಗಿಲಲ್ಲಿ ನಿಂತು ಒಂದು ನಿಮಿಷ ಸ್ಕ್ರೀನ್ ನೋಡಿದಳು. "ನಮ್ಮ ಸಿಂಕಲ್ಲೂ ಹಂಗೇ ಬಿದ್ದಿವೆ" ಅಂದಳು. ಪಾಸ್ ಒತ್ತಿ ಎದ್ದೆ.