ಮಿಡ್-ಅಮೆಚೂರ್ ಅರ್ಜಿ ತುಂಬುವ ಮುನ್ನ

ಯು.ಎಸ್. ಮಿಡ್-ಅಮೆಚೂರ್ ಗಾಲ್ಫ್ ಚಾಂಪಿಯನ್‌ಷಿಪ್‌ನ ಅರ್ಜಿ ಮೂರು ವಾರಗಳಿಂದ ನನ್ನ ಲ್ಯಾಪ್‌ಟಾಪ್‌ನಲ್ಲಿ ಅರೆಬರೆಯಾಗಿ ಉಳಿದಿತ್ತು. ಹೆಸರು, ಹುಟ್ಟಿದ ದಿನಾಂಕ, ಹ್ಯಾಂಡಿಕ್ಯಾಪ್ ಸಂಖ್ಯೆ (ಆಟಗಾರನ ಮಟ್ಟ ತೋರಿಸುವ ಅಂಕಿ; ಕಡಿಮೆಯಿದ್ದಷ್ಟೂ ಆಟ ಉತ್ತಮ), ಅರ್ಹತಾ ಸುತ್ತನ್ನು ಯಾವ ಕೋರ್ಸ್‌ನಲ್ಲಿ ಆಡಲಿದ್ದೇನೆ ಎಂಬ ಆಯ್ಕೆ, ಎಲ್ಲವನ್ನೂ ತುಂಬಿಯಾಗಿತ್ತು. ಶುಲ್ಕ ಕಟ್ಟುವ ಪುಟಕ್ಕೆ ಬಂದಾಗಲೆಲ್ಲ ಕೈ ಹಿಂದೆ ಸರಿಯುತ್ತಿತ್ತು. ನ್ಯೂಜೆರ್ಸಿಯಲ್ಲಿ ನೆಲೆಸಿ, ಕೌಂಟಿಯ ಸಾರ್ವಜನಿಕ ಕೋರ್ಸ್‌ನಲ್ಲಿ ವಾರಾಂತ್ಯಕ್ಕೊಮ್ಮೆ ಆಡುವ 43 ವರ್ಷದ ಮೈಸೂರಿನವನೊಬ್ಬ ಇಂಥ ದೊಡ್ಡ ಪಂದ್ಯಾವಳಿಗೆ ಹೆಸರು ಕೊಡುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ನಿಜಕ್ಕೂ ಕಾಡಿತು. ಇಲ್ಲಿರುವ ಅನೇಕ ಕನ್ನಡಿಗ ಗೆಳೆಯರು ಈಚೆಗೆ ಗಾಲ್ಫ್ ಆಡತೊಡಗಿರುವುದರಿಂದ, ನಾನು ಹೇಗೆ ಯೋಚಿಸಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಈ ಪಂದ್ಯಾವಳಿ ಹುಟ್ಟಿದ್ದೇ ನಮ್ಮಂಥವರಿಗಾಗಿ. 1895ರಲ್ಲಿ ಆರಂಭವಾದ ಯು.ಎಸ್. ಅಮೆಚೂರ್ ಕಾಲಕ್ರಮೇಣ ಕಾಲೇಜು ತಂಡಗಳ ಹುಡುಗರ ಪಾಲಾಯಿತು. ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ಮಾಡುವ ಇಪ್ಪತ್ತರ ಹುಡುಗರ ಎದುರು, ಕಚೇರಿ ಮುಗಿಸಿ ಕತ್ತಲಾಗುವ ಮೊದಲು ಒಂದು ಬಕೆಟ್ ಚೆಂಡು ಹೊಡೆದು ಮನೆಗೆ ಓಡುವವರು ನಿಲ್ಲುವುದು ಕಷ್ಟವಾಯಿತು. ಅದನ್ನು ಮನಗಂಡು ಅಮೆರಿಕದ ಗಾಲ್ಫ್ ಸಂಘವಾದ ಯುಎಸ್‌ಜಿಎ 1981ರಲ್ಲಿ 25 ವರ್ಷ ತುಂಬಿದ ಹವ್ಯಾಸಿಗಳಿಗೆಂದೇ ಮಿಡ್-ಅಮೆಚೂರ್ ಶುರುಮಾಡಿತು. ಗೆದ್ದವರಿಗೆ ವಿಶ್ವದ ಅಗ್ರ ವೃತ್ತಿಪರರು ಆಡುವ ಮಾಸ್ಟರ್ಸ್ ಪಂದ್ಯಾವಳಿಗೆ ಮುಂದಿನ ವರ್ಷ ಆಹ್ವಾನ ಬರುವ ವಾಡಿಕೆಯಿದೆ. ಫೈನಲ್ ಆಡುವವರು ಇಬ್ಬರೇ: 36 ಹೋಲ್‌ಗಳಲ್ಲಿ ಹೆಚ್ಚು ಹೋಲ್ ಗೆದ್ದವರದು ಜಯ, ಸಮವಾದರೆ ಆಟ ಮುಂದುವರಿಯುತ್ತದೆ. 2016ರ ಫೈನಲ್‌ನಲ್ಲಿ ಸ್ಟೀವರ್ಟ್ ಹ್ಯಾಗಸ್ಟಾಡ್ ಐದು ಹೋಲ್‌ಗಳು ಮಾತ್ರ ಬಾಕಿಯಿರುವಾಗ ನಾಲ್ಕು ಹೋಲ್ ಹಿಂದಿದ್ದರು. ಅಲ್ಲಿಂದ ಸಮ ಮಾಡಿಕೊಂಡು 37ನೇ ಹೋಲ್‌ನಲ್ಲಿ ಗೆದ್ದರು. ಮರುವರ್ಷ ಮಾಸ್ಟರ್ಸ್‌ನಲ್ಲಿ ಕಟ್ ದಾಟಿದ (ಮೊದಲೆರಡು ಸುತ್ತಿನ ನಂತರವೂ ಆಟದಲ್ಲಿ ಉಳಿದ) ಮೊತ್ತಮೊದಲ ಮಿಡ್-ಅಮೆಚೂರ್ ಚಾಂಪಿಯನ್ ಎನಿಸಿ, ಅಲ್ಲಿದ್ದ ಹವ್ಯಾಸಿಗಳಲ್ಲೇ ಮೇಲಿನ ಸ್ಥಾನ ಪಡೆದರು. ಆ ಮಟ್ಟದ ಆಟಗಾರರು ಸೇರುವ ಕಣ ಇದು.

ಆ ಕಣಕ್ಕೆ 264 ಮಂದಿಗೆ ಮಾತ್ರ ಪ್ರವೇಶ. ಅರ್ಜಿ ಹಾಕುವವರು ಐದು ಸಾವಿರಕ್ಕೂ ಹೆಚ್ಚು. ದೇಶದ ಹತ್ತಾರು ಕಡೆ ನಡೆಯುವ 18 ಹೋಲ್‌ಗಳ ಒಂದೇ ದಿನದ ಅರ್ಹತಾ ಸುತ್ತಿನಲ್ಲಿ ಎಂಬತ್ತು ಜನ ಆಡಿದರೆ ಮೂರೋ ನಾಲ್ಕೋ ಮಂದಿ ಮುಂದೆ ಹೋಗುತ್ತಾರೆ. ಅವರಲ್ಲಿ ನಾನೊಬ್ಬನಾಗುವ ಸಾಧ್ಯತೆ ಇಲ್ಲವೆಂಬಷ್ಟು ಕಡಿಮೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಗೆಲ್ಲುತ್ತೇನೆಯೇ ಎಂಬ ಪ್ರಶ್ನೆ ನನ್ನ ಮುಂದೆ ಇರಲೇ ಇಲ್ಲ. ಅಲ್ಲಿ ನಿಲ್ಲುವ ಯೋಗ್ಯತೆ ಇದೆಯೇ ಎಂಬುದಷ್ಟೇ ಇತ್ತು.

ಹತ್ತು ವರ್ಷಗಳಿಂದ ನನ್ನ ಜೊತೆ ಆಡುತ್ತಿರುವ, ದಾವಣಗೆರೆ ಕಡೆಯ ಹಿರಿಯರೊಬ್ಬರು ನೇರವಾಗಿ ಹೇಳಿದರು: "ನೋಡಪ್ಪಾ, ನಿನ್ನ ಜೊತೆ ಆ ದಿನ ಇನ್ನಿಬ್ಬರು ಆಡ್ತಿರ್ತಾರೆ. ಅವರು ವರ್ಷವೆಲ್ಲ ಆ ಒಂದು ದಿನಕ್ಕಾಗಿ ದುಡಿದಿರ್ತಾರೆ. ನೀನು ಕಾಡಿನಲ್ಲಿ ಚೆಂಡು ಹುಡುಕ್ತಾ ಅವರ ಲಯ ಕೆಡಿಸೋದಾದ್ರೆ, ಹೋಗಬೇಡ." ಆ ಮಾತು ನನಗೆ ನಾಟಿತು. ಆಸೆಯಿದ್ದವರೆಲ್ಲ ಪ್ರಯತ್ನಿಸಲಿ ಎಂದು ಹುರಿದುಂಬಿಸುವವರು ಬಹಳ ಮಂದಿ ಇದ್ದಾರೆ. ಜೊತೆಯಲ್ಲಿ ಆಡುವ ಅಪರಿಚಿತರ ದಿನದ ಬಗ್ಗೆ ಯೋಚಿಸಿದವರು ಇವರೊಬ್ಬರೇ.

ನನ್ನ ಹ್ಯಾಂಡಿಕ್ಯಾಪ್ 1.9. ಸಂಘ ಕೇಳುವ ಮಿತಿಯೊಳಗೇ ಇದೆ. ಆದರೆ ಈ ಸಂಖ್ಯೆಯನ್ನು ನಮ್ಮಲ್ಲಿ ಬಹುತೇಕರು ತಪ್ಪಾಗಿ ತಿಳಿದುಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಅದು ಕಳೆದ 20 ಸುತ್ತುಗಳ ಪೈಕಿ ಅತ್ಯುತ್ತಮವಾದ ಎಂಟರಿಂದ ಲೆಕ್ಕ ಹಾಕಿದ್ದು. ಉಳಿದ ಹನ್ನೆರಡು ಸುತ್ತುಗಳ ಪರದಾಟ ಅದರಲ್ಲಿ ಕಾಣಿಸುವುದೇ ಇಲ್ಲ. ಒಳ್ಳೆಯ ದಿನ ನಾನು ಏನು ಮಾಡಬಲ್ಲೆ ಎಂಬುದನ್ನು ಅದು ಹೇಳುತ್ತದೆ, ಯಾವುದೋ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಏನು ಮಾಡುತ್ತೇನೆ ಎಂಬುದನ್ನಲ್ಲ. ಇದರ ಮೇಲೆ, ಸ್ನೇಹಿತರ ಆಟದಲ್ಲಿ ಕುಳಿಯ ಹತ್ತಿರ ನಿಂತ ಚೆಂಡನ್ನು "ಸಾಕು, ಎತ್ಕೊಳ್ಳಿ" ಎಂದು ಬಿಟ್ಟುಕೊಡುವ ಗಿಮ್ಮಿ ಎಂಬ ಉದಾರತೆ ಇದೆಯಲ್ಲ, ಅದು ನಮ್ಮೆಲ್ಲರ ಹ್ಯಾಂಡಿಕ್ಯಾಪ್‌ನೊಳಗೆ ಸದ್ದಿಲ್ಲದೆ ಸೇರಿಕೊಂಡಿದೆ.

ಯುಎಸ್‌ಜಿಎ ಅರ್ಹತಾ ಸುತ್ತುಗಳಿಗೆ ಒಂದು ಕಟ್ಟುನಿಟ್ಟಿನ ಅಳತೆ ಇಟ್ಟಿದೆ. ಪ್ರತಿ ಕೋರ್ಸ್‌ಗೂ ಒಂದು ರೇಟಿಂಗ್ ಇರುತ್ತದೆ: ಸೊನ್ನೆ ಹ್ಯಾಂಡಿಕ್ಯಾಪ್‌ನ ಆಟಗಾರ ಅಲ್ಲಿ ಎಷ್ಟು ಹೊಡೆತಗಳಲ್ಲಿ ಮುಗಿಸಬೇಕು ಎಂಬ ಅಂದಾಜು. ಅದಕ್ಕಿಂತ ಎಂಟಕ್ಕೂ ಹೆಚ್ಚು ಹೊಡೆತ ತೆಗೆದುಕೊಂಡವರು ಮತ್ತೆ ಅರ್ಜಿ ಹಾಕಬೇಕಾದರೆ ತಮ್ಮ ಆಟಕ್ಕೆ ಪುರಾವೆ ಕೊಡಬೇಕಾಗಬಹುದು. ಕೆಲವರಿಗೆ ಇದು ಅವಮಾನವೆನಿಸುತ್ತದೆ. ನನಗೆ ಇದು ನ್ಯಾಯವೆನಿಸಿತು, ಏಕೆಂದರೆ ನನ್ನ ಹಿರಿಯ ಗೆಳೆಯರ ಮಾತನ್ನೇ ಇದು ಅಂಕಿಯಲ್ಲಿ ಹೇಳುತ್ತಿತ್ತು.

ಹಾಗಾಗಿ ಆ ಅಳತೆಗೋಲನ್ನೇ ಮೊದಲು ನನ್ನ ಮೇಲೆ ಪ್ರಯೋಗಿಸಿಕೊಳ್ಳಲು ನಿರ್ಧರಿಸಿದೆ. ನಮ್ಮ ಕೋರ್ಸ್‌ನ ಅತ್ಯಂತ ಹಿಂದಿನ ಟೀಗಳಿಂದ (ಪ್ರತಿ ಹೋಲ್‌ನ ಮೊದಲ ಹೊಡೆತದ ಜಾಗಗಳಿಂದ), ರೇಟಿಂಗ್ 72.6 ಇರುವ ಕಡೆಯಿಂದ, ಐದು ಸುತ್ತು ಆಡುವುದು. ಪ್ರತಿ ಚೆಂಡನ್ನೂ ಕುಳಿಯೊಳಕ್ಕೆ ಬೀಳಿಸುವುದು. ಎರಡನೇ ಅವಕಾಶವಿಲ್ಲ, ಗಿಮ್ಮಿ ಇಲ್ಲ. ಕಾರ್ಡ್‌ಗೆ ಜೊತೆಗಾರರ ಸಹಿ ಬೇಕು. ಸರಾಸರಿ 80.6ರ ಒಳಗೆ ಬಂದರೆ ಅರ್ಜಿ, ಇಲ್ಲವಾದರೆ ಮುಂದಿನ ವರ್ಷ.

ಮೊದಲ ಸುತ್ತಿನ ಏಳನೇ ಹೋಲ್ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ, ಇಬ್ಬನಿ ಆರಿರಲಿಲ್ಲ. ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಉಳಿಸಿಕೊಳ್ಳಲು ಮೂರಡಿಯ ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಬಾಕಿಯಿತ್ತು, ಎಡದಿಂದ ಬಲಕ್ಕೆ ಸ್ವಲ್ಪ ಇಳಿಜಾರು. ಹತ್ತು ವರ್ಷಗಳಲ್ಲಿ ಇಂಥ ಚೆಂಡನ್ನು ಸಾವಿರ ಸಲ ಕೈಯಿಂದ ಎತ್ತಿಕೊಂಡಿರಬೇಕು. ಅಂದು ಪಟರ್ ಹಿಡಿದು ನಿಂತಾಗ ಹೆಬ್ಬೆರಳ ಬುಡದಲ್ಲಿ ಸಣ್ಣ ನಡುಕ ಬಂತು. ಚೆಂಡು ಇಬ್ಬನಿಯ ಮೇಲೆ ಒಂದು ಕಪ್ಪು ಗೆರೆ ಎಳೆಯುತ್ತ ಹೋಗಿ, ಕುಳಿಯ ಬಲ ಅಂಚನ್ನು ಸವರಿ, ಎರಡಡಿ ಆಚೆ ನಿಂತಿತು. ಆ ಎರಡಡಿಯೂ ತಪ್ಪಿತು. ಹತ್ತು ವರ್ಷಗಳಿಂದ ನಾನು ಆಡುತ್ತಿದ್ದ ಆಟದ ಒಂದು ಭಾಗವನ್ನು ನಾನು ಆಡಿಯೇ ಇರಲಿಲ್ಲ ಎಂದು ಅಲ್ಲಿ ತಿಳಿಯಿತು.

ಐದು ಸುತ್ತುಗಳ ಲೆಕ್ಕ ಹೀಗಿದೆ: 84, 81, 77, 79, 78. ಒಟ್ಟು 399, ಸರಾಸರಿ 79.8. ಗೆರೆಯೊಳಗೆ ಬಂದಿದ್ದೇನೆ, ಕೂದಲೆಳೆಯಷ್ಟು. ಮೊದಲೆರಡು ಸುತ್ತು ನನ್ನ ನಿಜವಾದ ಸ್ಥಿತಿ ತೋರಿಸಿದವು, ಕೊನೆಯ ಮೂರು ಕಲಿಕೆಯನ್ನು ತೋರಿಸಿದವು ಎಂದು ನಂಬಲು ಮನಸ್ಸು ಬಯಸುತ್ತದೆ. ಆದರೂ ಮೊದಲಿನ ಎರಡು ಕಾರ್ಡ್‌ಗಳನ್ನು ನಾನು ಹರಿದು ಹಾಕಿಲ್ಲ.

ಈ ದಿನಗಳಲ್ಲಿ ಪದೇ ಪದೇ ನೆನಪಾದವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್. ಅವರಂಥ ವೃತ್ತಿಪರರಿಗೂ ನನಗೂ ಹೋಲಿಕೆಯೇ ಇಲ್ಲ, ಅದು ನನಗೆ ಗೊತ್ತಿದೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತನ್ನು ಇಲ್ಲಿ ರಾತ್ರಿಯಿಡೀ ಕುಳಿತು ನೋಡಿದ್ದೆವು. ವಿಶ್ವ ಶ್ರೇಯಾಂಕದಲ್ಲಿ 200ನೇ ಸ್ಥಾನದಲ್ಲಿದ್ದವರು, ಟೀ ಹೊಡೆತದಲ್ಲಿ ಜೊತೆಗಾರ್ತಿಯರಿಗಿಂತ ಬಹಳ ಹಿಂದೆ ಬೀಳುತ್ತಿದ್ದವರು, ಗ್ರೀನ್ ಮೇಲಿನ ಪಟ್‌ಗಳಿಂದಲೇ ನಾಲ್ಕು ದಿನ ಪದಕದ ಹತ್ತಿರ ನಿಂತರು. ಕಂಚಿಗೂ ಬೆಳ್ಳಿಗೂ ನಡೆದ ಪ್ಲೇ-ಆಫ್‌ನಿಂದ ಒಂದೇ ಒಂದು ಹೊಡೆತ ದೂರ ಉಳಿದು ನಾಲ್ಕನೆಯವರಾದರು. ದೂರ ಹೊಡೆಯಲಾಗದವನು ಏನನ್ನು ತಿದ್ದಿಕೊಳ್ಳಬೇಕು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪಾಠ ನನಗೆ ಸಿಕ್ಕಿಲ್ಲ. ಅಂದು ಅವರ ಕ್ಲಬ್‌ಗಳ ಬ್ಯಾಗ್ ಹೊತ್ತವರು ಅವರ ತಾಯಿ. 2016ರಲ್ಲಿ ರಿಯೊದಲ್ಲಿ ಹೊತ್ತವರು ತಂದೆ.

ಅದನ್ನು ನನ್ನ ಮಗಳು ಮರೆತಿರಲಿಲ್ಲ. ಐದನೇ ಕಾರ್ಡನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಕೂಡುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತು, "ಅಪ್ಪಾ, ಅವರ ಬ್ಯಾಗನ್ನ ಅಮ್ಮ ಹೊತ್ತಿದ್ರಲ್ಲಾ, ನಿಮ್ಮದನ್ನ ನಾನು ಹೊರ್ತೀನಿ" ಎಂದಳು. ಹದಿನಾಲ್ಕು ಕ್ಲಬ್‌ಗಳ ಬ್ಯಾಗ್ ಅವಳ ಭುಜಕ್ಕೆ ಭಾರವಾಗುತ್ತದೆ. ಹನ್ನೆರಡಕ್ಕೆ ಇಳಿಸುತ್ತೇನೆ ಎಂದೆ.

ಹೆಂಡತಿಯ ಚಿಂತೆ ಬೇರೆಯಿತ್ತು: ಆಗಸ್ಟ್‌ನ ಆ ಮಂಗಳವಾರಕ್ಕೆ ರಜೆ ಸಿಗುತ್ತದೆಯೇ ಎಂದು. ಸಿಕ್ಕಿತು. ಹಿರಿಯ ಗೆಳೆಯರಿಗೆ ಐದು ಕಾರ್ಡ್‌ಗಳ ಫೋಟೊ ಕಳಿಸಿದೆ. ಅವರು ಬಹಳ ಹೊತ್ತಿನ ನಂತರ ಫೋನ್ ಮಾಡಿ, "84 ಕೂಡ ಕಳಿಸಿದ್ದೀಯಲ್ಲ, ಹಾಗಿದ್ರೆ ಹೋಗಿ ಬಾ" ಎಂದರು.

ನಿನ್ನೆ ರಾತ್ರಿ ಶುಲ್ಕ ಕಟ್ಟಿದೆ. ಇಂದು ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಕೋರ್ಸ್‌ನ ಅಭ್ಯಾಸದ ಗ್ರೀನ್ ಮೇಲೆ ಕುಳಿಯ ಸುತ್ತ ಮೂರಡಿ ದೂರದಲ್ಲಿ ಎಂಟು ಚೆಂಡುಗಳನ್ನು ಇಟ್ಟು, ಎಂಟನ್ನೂ ಸಾಲಾಗಿ ಒಳಗೆ ಹಾಕುವವರೆಗೆ ಬಿಡುವುದಿಲ್ಲ ಎಂದುಕೊಂಡಿದ್ದೆ. ಆರರವರೆಗೆ ಬಂದೆ, ಅಷ್ಟರಲ್ಲಿ ಗಂಟೆ ಎಂಟಾಗಿತ್ತು.